ಅತ್ತೆಗೆ ಕೊಟ್ಟ ಭಾಷೆ, ಮೂರು ದಿನದ ಇಂಜೆಕ್ಷನ್

ನಮ್ಮತ್ತೆಗೆ ಸ್ಪಷ್ಟವಾಗಿ ಬರುತ್ತಿದ್ದ ಇಂಗ್ಲಿಷ್ ಪದ ಒಂದೇ: ಸ್ಟೀರಾಯ್ಡ್. ಪ್ಲಾಸ್ಟಿಕ್ಕನ್ನು ಪಲಾಸ್ಟ್ರಿ ಅನ್ನುತ್ತಿದ್ದಳು, ಕರೆಂಟನ್ನು ಕರಂಟು ಅನ್ನುತ್ತಿದ್ದಳು, ನಾನು ಹೊಲಿಯುವ ಬ್ಲೌಸನ್ನು ಒಂದು ದಿನವೂ ಬ್ಲೌಸು ಅಂದವಳಲ್ಲ, ಕುಪ್ಪಸವೇ. ಆದರೆ ಸ್ಟೀರಾಯ್ಡ್ ಅನ್ನುವಾಗ ಮಾತ್ರ ನಾಲಗೆ ಎಲ್ಲೂ ತಡವರಿಸುತ್ತಿರಲಿಲ್ಲ. ಎಲೆಅಡಿಕೆ ಉಗಿಯುವ ಹಾಗೆ ಉಗಿಯುತ್ತಿದ್ದಳು ಆ ಪದವನ್ನು.

ಅತ್ತೆ ಅಂದರೆ ಬರೀ ಗಂಡನ ತಾಯಿಯಲ್ಲ, ನನ್ನಪ್ಪನ ಅಕ್ಕ. ಮಧುಗಿರಿ ಬೆಟ್ಟದ ಬುಡದಲ್ಲಿ ಹುಟ್ಟಿ, ಸಿರಾ ತಾಲ್ಲೂಕಿನಲ್ಲಿ ಕಳ್ಳಂಬೆಳ್ಳದ ಹತ್ತಿರ ಇರುವ ಈ ಊರಿಗೆ ಮದುವೆಯಾಗಿ ಬಂದವಳು. ಆಮೇಲೆ ತಮ್ಮನ ಮಗಳಾದ ನನ್ನನ್ನೇ ತನ್ನ ಮಗನಿಗೆ ತಂದುಕೊಂಡಳು. ಹಾಗಾಗಿ ನಮ್ಮಿಬ್ಬರ ನಡುವೆ ನೀವು ತಾವು ಅನ್ನುವುದೆಲ್ಲ ಇಲ್ಲ. ನಾನು ಅವಳನ್ನು ನೀನು ಅನ್ನುತ್ತೇನೆ, ಅವಳು ನನ್ನನ್ನು ಮೂದೇವಿ ಅನ್ನುತ್ತಿದ್ದಳು. ಹಾಲು ಉಕ್ಕಿದರೆ ಮೂದೇವಿ, ಹಸು ಒದ್ದರೆ ಮೂದೇವಿ, ನನ್ನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ನಾನು ಕಣ್ಣೀರು ಹಾಕಿದಾಗಲೂ, "ಮೂದೇವಿ, ಅಳೋದ್ ನಿಲ್ಸಿ ಸಕ್ರೆ ತಗೊಂಬಾ." ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಒಂದು ದಿನ ಕರೆಯದೇ ಹೋದರೆ ಏನಾಯಿತಪ್ಪ ಇವಳಿಗೆ ಅಂತ ಹೋಗಿ ಮುಖ ನೋಡುವಂತಾಯಿತು.

ಆ ಇಂಗ್ಲಿಷ್ ಪದ ಅವಳಿಗೆ ಬಂದದ್ದು ಕೊರಟಗೆರೆಯಿಂದ. ಅವಳ ಅಕ್ಕ, ಅಂದರೆ ನನಗೆ ದೊಡ್ಡತ್ತೆ, ಕೊರಟಗೆರೆ ಕಡೆ ಇದ್ದಳು. ಮಂಡಿನೋವು ಅವಳಿಗೆ. ಪಾವಗಡ ದಾಟಿ ಆಂಧ್ರದ ಗಡಿಯಾಚೆ ಯಾವುದೋ ಹಳ್ಳಿಯಲ್ಲಿ ಒಬ್ಬ ಪುಡಿ ಕೊಡುತ್ತಾನೆ, ತಿಂದ ಮಾರನೇ ದಿನವೇ ಎದ್ದು ಓಡಾಡಬಹುದು ಅಂತ ಸುದ್ದಿ ಹಬ್ಬಿತು. ಜನ ವ್ಯಾನು ಮಾಡಿಕೊಂಡು ಹೋಗುತ್ತಿದ್ದರು. ದೊಡ್ಡತ್ತೆಯೂ ಹೋದಳು, ಪೊಟ್ಟಣ ತಂದಳು, ತಿಂದಳು, ನಿಜವಾಗಿಯೂ ಎದ್ದು ಓಡಾಡಿದಳು. ಮದುವೆ ಮನೆಗಳಲ್ಲಿ ನೆಲದ ಮೇಲೆ ಕೂತು ಉಂಡೆದ್ದಳು. ಮುಖ ಎಣ್ಣೆಗೆ ಬಿದ್ದ ಪೂರಿಯ ಹಾಗೆ ತುಂಬಿಕೊಂಡಿತು. ನಾವೆಲ್ಲ ಒಳ್ಳೆ ಕಳೆ ಬಂತು ಕಣತ್ತೆ ಅಂದೆವು, ದೃಷ್ಟಿ ತೆಗೆದೆವು. ಒಂದಿಷ್ಟು ವರ್ಷ ಹೀಗೇ ನಡೆಯಿತು. ಒಂದು ದಿನ ಬಚ್ಚಲಲ್ಲಿ ಕೂತಿದ್ದವಳು ಎದ್ದಳು, ಅಷ್ಟಕ್ಕೇ ಸೊಂಟದ ಮೂಳೆ ಮುರಿಯಿತು. ಬಿದ್ದಿರಲಿಲ್ಲ, ಬರೀ ಎದ್ದಿದ್ದಳು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ, ಮೂಳೆ ಎಲ್ಲ ಟೊಳ್ಳಾಗಿದೆ, ಆಪರೇಷನ್ ಮಾಡಿದ ಗಾಯ ಮಾಯೋದಿಲ್ಲ ಅಂದರು ಡಾಕ್ಟರು. ಗಾಯ ಮಾಯಲಿಲ್ಲ. ದೊಡ್ಡತ್ತೆ ಮಂಚದಲ್ಲೇ ಹೋದಳು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬಂದ ಸಂಜೆ, ನಾನು ಹಸುಗಳಿಗೆ ಹುಲ್ಲು ಹಾಕುತ್ತಿದ್ದೆ. ಅತ್ತೆ ಕೊಟ್ಟಿಗೆ ಬಾಗಿಲಿಗೆ ಬಂದು ನಿಂತಳು.

"ಲೇ, ಇಲ್ ಬಾರೇ. ನಂಗೇನಾರ ಆದ್ರೆ ಆ ಸ್ಟೀರಾಯ್ಡ್ ಮಾತ್ರ ಹಾಕಿಸ್ಬ್ಯಾಡ. ಸತ್ರೂ ಚಿಂತಿಲ್ಲ. ಭಾಷೆ ಕೊಡು," ಅಂತ ಬಲಗೈ ಚಾಚಿದಳು.

"ನಿನ್ ಮಗ ಇಲ್ವಾ, ಅವನ್ನ ಕೇಳತ್ತೆ," ಅಂದೆ.

"ಅವನು ಮಾತಿಗೆ ನಿಲ್ಲೋನಾಗಿದ್ರೆ ನಿನ್ನ ಯಾಕ್ ಕೇಳ್ತಿದ್ದೆ? ನೀನು ಮೂದೇವಿಯೇ ಸರಿ. ಆದ್ರೆ ಅಂದಿದ್ ಮಾಡ್ತೀಯ."

ಅವಳ ಬಾಯಲ್ಲಿ ನನ್ನ ಬಗ್ಗೆ ಒಳ್ಳೆ ಮಾತು ಬಂದದ್ದು ಅದೊಂದೇ ಸಲ. ನಮ್ಮ ಕಡೆ ಭಾಷೆ ಅಂದರೆ ಬರೀ ಬಾಯಿಮಾತಲ್ಲ, ಬಲಗೈ ಮೇಲೆ ಬಲಗೈ ಇಟ್ಟು ತಟ್ಟಬೇಕು. ತಟ್ಟಿದ ಮೇಲೆ ತಪ್ಪಿದರೆ ಆ ಕೈಗೆ ಜೋಮು ಹಿಡಿಯುತ್ತದೆ ಅನ್ನುವುದು ಅತ್ತೆಯ ನಂಬಿಕೆ. ನಾನು ಕೈಯಲ್ಲಿದ್ದ ಹುಲ್ಲು ಬಿಟ್ಟು, ಸೆರಗಿಗೆ ಒರೆಸಿಕೊಂಡು, ತಟ್ಟಿದೆ.

ಅದಾಗಿ ಎಷ್ಟೋ ಕಾಲದ ಮೇಲೆ, ಕಡಲೆಕಾಯಿ ಕೀಳುವ ದಿನಗಳಲ್ಲಿ ಒಂದು ಬೆಳಗ್ಗೆ. ಹೊಲಕ್ಕೆ ಆಳುಗಳು ಬಂದಿದ್ದರು, ಅವರಿಗೆ ಮುದ್ದೆ ಆಗಬೇಕಿತ್ತು. ನಮ್ಮ ಮನೆಯಲ್ಲಿ ಮುದ್ದೆ ಇಬ್ಬರ ಕೆಲಸ. ಕೋಲು ಹಿಡಿದು ತಿರುವುವವಳು ಅತ್ತೆ, ಮಣೆ ಮೇಲೆ ಹಾಕಿದ ಮೇಲೆ ಕೈ ಒದ್ದೆ ಮಾಡಿಕೊಂಡು ಕಟ್ಟುವವಳು ನಾನು. ಕೋಲನ್ನು ಅವಳು ಯಾರಿಗೂ ಕೊಟ್ಟವಳಲ್ಲ, ಜ್ವರ ಬಂದಾಗಲೂ ಕೊಡಲಿಲ್ಲ. ಆವತ್ತು ಮಣೆಗೆ ಬಿದ್ದ ಹಿಟ್ಟನ್ನು ಮುಟ್ಟಿದೆ, ಒಳಗೆಲ್ಲ ಹಸಿಹಿಟ್ಟಿನ ಗಂಟು. ನಾನು ಈ ಮನೆಗೆ ಬಂದ ಮೇಲೆ ಅತ್ತೆಯ ಮುದ್ದೆಯಲ್ಲಿ ಗಂಟು ಕಂಡದ್ದೇ ಇಲ್ಲ. ನನಗೆ ನಗು ಬಂತು.

"ಮೂದೇವಿ ಯಾರು ಇವತ್ತು?" ಅಂದೆ.

ಬೈಗುಳ ಬೀಳುತ್ತದೆ ಅಂತ ತಿರುಗಿ ನೋಡಿದೆ. ಕೋಲು ಅವಳ ಬಲಗೈಯಿಂದ ಜಾರಿ ಕೆಳಗೆ ಬಿದ್ದಿತ್ತು. ಎಡಗೈಯಲ್ಲಿ ಎತ್ತಿ ಬಲಗೈಗೆ ಇಟ್ಟುಕೊಳ್ಳುತ್ತಿದ್ದಳು, ಅದು ಜಾರುತ್ತಿತ್ತು. ಮತ್ತೆ ಎತ್ತಿ ಇಟ್ಟುಕೊಳ್ಳುತ್ತಿದ್ದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಕಣ್ಣು ಮಾತ್ರ ಸಿಟ್ಟಿನಿಂದ ಆ ಕೋಲನ್ನೇ ನೋಡುತ್ತಿತ್ತು.

ಅವಳನ್ನು ತಬ್ಬಿ ಹಿಡಿದು ಕೆಳಗೆ ಮಲಗಿಸಿದೆ. ಆಳುಗಳು ಓಡಿ ಬಂದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಲಕ್ವ. ಒಬ್ಬಳು, "ಗಾಳಿ ಸೋಕಿಸ್ಬ್ಯಾಡ ಕಣಮ್ಮ, ಕಿವಿಗೆ ಹತ್ತಿ ಇಡು, ಕತ್ಲೆ ಕೋಣೇಲಿ ಮಲಗ್ಸು," ಅಂದಳು. ಪಕ್ಕದ ಮನೆಯ ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೆರೆ ಏರಿಯ ಕಡೆಗೆ ಹೊರಟೇಬಿಟ್ಟರು. ಅಲ್ಲಿನ ಹಳೇ ಮಂಟಪದಲ್ಲಿ ಪಾರಿವಾಳಗಳಿವೆ. ಲಕ್ವ ಹೊಡೆದ ಕಡೆಗೆ ಪಾರಿವಾಳದ ಬಿಸಿ ರಕ್ತ ತಿಕ್ಕಿದರೆ ಕೈಕಾಲು ಬರುತ್ತದೆ ಅನ್ನುವುದು ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ.

ಆಂಬುಲೆನ್ಸೂ ಪಾರಿವಾಳವೂ ಒಟ್ಟಿಗೇ ಬಂದವು. ಮಾವನ ಟವೆಲ್ಲಿನೊಳಗಿಂದ ಹಕ್ಕಿ ಕತ್ತು ಆಚೆ ಹಾಕಿ ನೋಡುತ್ತಿತ್ತು.

"ಒಂಚೂರು ಹಚ್ಚಿ ಕಳ್ಸಾನ ತಡೀರವ್ವ, ಎಷ್ಟೊತ್ತಾಗ್ತದೆ," ಅಂದರು ಮಾವ.

ನನಗೆ ತಲೆ ಕೆಟ್ಟುಹೋಯಿತು. "ಅದೇನ್ ಮಾವ, ಎಂಜಿನ್ ಆಯಿಲ್ಲಾ ಹಾಕಿದ ತಕ್ಷಣ ಗಾಡಿ ಓಡೋಕೆ? ಮೊದ್ಲು ಅದನ್ನ ಬುಟ್ಬುಡಿ!" ಅಂತ ಕೂಗಿದೆ. ಕೂಗಿದ್ದಕ್ಕೆ ಊರೆಲ್ಲ ಆಮೇಲೆ ಆಡಿಕೊಂಡಿತು, ಆಡಿಕೊಳ್ಳಲಿ. ಹೊರಡುವಾಗ ಅತ್ತೆಯ ಬಟ್ಟೆ ಅಂತ ಕೈಗೆ ಸಿಕ್ಕ ಚೀಲ ಎತ್ತಿಕೊಂಡೆ.

ನನ್ನ ಗಂಡನಿಗೆ ಹೈವೇ ಟೋಲಿನಲ್ಲಿ ಕೆಲಸ. ಫೋನು ಮಾಡಿ ಹೇಳಿದ್ದೆ. ಆಂಬುಲೆನ್ಸು ಟೋಲಿಗೆ ಬಂದಾಗ ಅವನೇ ಗೇಟು ಎತ್ತಿಸಿ, ಯೂನಿಫಾರ್ಮಿನಲ್ಲೇ ಹಿಂದುಗಡೆಯಿಂದ ಹತ್ತಿಕೊಂಡ. ತಾಯಿಯ ಬಲಗೈ ಹಿಡಿದು, "ಅವ್ವಾ, ಒತ್ತವ್ವಾ, ನನ್ ಕೈ ಒತ್ತವ್ವಾ," ಅನ್ನುತ್ತಲೇ ಇದ್ದ. ಆ ಕೈ ಒತ್ತಲಿಲ್ಲ. ನನ್ನ ಮೈಯೊಳಗೆ ಆಗಲೇ ಎಲ್ಲ ನಿಂತುಹೋಗಿತ್ತು. ಹೆದರಿಕೆ ಇರಲಿಲ್ಲ, ದುಃಖ ಇರಲಿಲ್ಲ. ಕಿಟಕಿಯಾಚೆ ಲಾರಿಗಳ ಹಿಂದೆ ಬರೆದಿದ್ದನ್ನೆಲ್ಲ ಒಂದೂ ಬಿಡದೆ ಓದುತ್ತಾ ಕೂತಿದ್ದೆ.

ತುಮಕೂರಿನಲ್ಲಿ ತಲೆಯ ಸ್ಕ್ಯಾನು ಮಾಡಿದರು. ಮಿದುಳಿನ ಎಡಗಡೆಯ ದೊಡ್ಡ ರಕ್ತನಾಳಕ್ಕೇ ಹೆಪ್ಪುಗಟ್ಟಿದ ರಕ್ತ ಅಡ್ಡ ಕೂತಿದೆ, ಬರೀ ಔಷಧಿಗೆ ಕರಗುವಂಥದ್ದಲ್ಲ, ತಂತಿ ಹಾಕಿ ಎಳೆದು ತೆಗೆಯಬೇಕು, ಬೆಂಗಳೂರಿಗೆ ಹೋಗಿ ಅಂದರು. ಹೋದೆವು. ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಸ್ಟ್ರೆಚರು ಇಳಿಸುವ ಮೊದಲೇ ಜನ ಕಾದು ನಿಂತಿದ್ದರು. ಅತ್ತೆಯ ಸೀರೆ ಬಿಚ್ಚಿ ಹಸಿರು ಗೌನು ತೊಡಿಸಿದರು. ಸೀರೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಅದರ ಸೆರಗಿನಲ್ಲಿ ಇನ್ನೂ ರಾಗಿಹಿಟ್ಟು ಅಂಟಿತ್ತು.

ಒಬ್ಬರು ಡಾಕ್ಟರಮ್ಮ ಬಂದರು. ನನಗಿಂತ ಚಿಕ್ಕವರು. ನಿಂತುಕೊಂಡೇ, ಆದರೆ ನಿಧಾನಕ್ಕೆ ಹೇಳಿದರು.

"ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಹಾಕಿ ತಲೆವರೆಗೂ ಹೋಗಿ ಹೆಪ್ಪನ್ನ ಎಳೀತೀವಿ. ಅದು ಮಾಡಲೇಬೇಕು, ಅದರಲ್ಲಿ ಅನುಮಾನ ಬೇಡ. ಇನ್ನೊಂದು ವಿಷಯ ಇದೆ, ಅದನ್ನ ನಿಮ್ಮನ್ನ ಕೇಳ್ಬೇಕು. ಮುಚ್ಚಿದ್ದ ನಾಳ ತೆರೆದು ರಕ್ತ ಮತ್ತೆ ನುಗ್ಗಿದಾಗ, ಆಗಲೇ ಪೆಟ್ಟು ತಿಂದಿರೋ ಮಿದುಳು ಊದಿಕೊಳ್ಳುತ್ತೆ. ಇವರದ್ದು ದೊಡ್ಡ ಸ್ಟ್ರೋಕು. ಹೆಪ್ಪು ತೆಗೆದ ಮೇಲೂ ಆ ಬಾವಿಂದಲೇ ಜೀವ ಹೋಗಬಹುದು. ಬಾವು ಕಮ್ಮಿ ಆಗಲಿ ಅಂತ ಜೊತೆಯಲ್ಲೇ ಮೂರು ದಿನ ಒಂದು ಇಂಜೆಕ್ಷನ್ ಕೊಡಬಹುದು. ಸ್ಟೀರಾಯ್ಡ್."

ಗಂಡ ನನ್ನ ಮುಖ ನೋಡಿದ. ನಾನು ಡಾಕ್ಟರಮ್ಮನ ಮುಖ ನೋಡಿದೆ.

"ಅದು ಬಿಟ್ಟು ಬೇರೆ ಇಲ್ವಾ ಮೇಡಂ?" ಅಂತ ಕೇಳಿದೆ.

"ಕೊಡದೇನೂ ಇರಬಹುದು. ಎಲ್ಲ ಡಾಕ್ಟರೂ ಇದನ್ನ ಒಪ್ಪಲ್ಲ. ಬದುಕೋ ಅವಕಾಶ ಸ್ವಲ್ಪ ಹೆಚ್ಚಬಹುದು ಅಂತ ನನಗನ್ಸುತ್ತೆ, ಖಾತ್ರಿ ಕೊಡಲಾರೆ. ಕೈಕಾಲು, ಮಾತು ಇದರಿಂದಲೇ ವಾಪಸ್ ಬರುತ್ತೆ ಅಂತಲೂ ಹೇಳಲ್ಲ. ಶುಗರ್ ಏರುತ್ತೆ, ಸೋಂಕು ಆಗಬಹುದು, ಅದನ್ನೆಲ್ಲ ನೋಡ್ಕೊಳ್ತೀವಿ. ಆದರೆ ಕೊಡೋದಾದ್ರೆ ಈಗಲೇ ಶುರು ಮಾಡ್ಬೇಕು."

ನಾನು ದೊಡ್ಡತ್ತೆಯ ಪುಡಿಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಅದೂ ಇದೇ ಜಾತಿಯ ಔಷಧಿ. ಅವರು ಹೇಳೋರು ಕೇಳೋರು ಇಲ್ಲದೆ ವರ್ಷಗಟ್ಟಲೆ ತಿಂದ್ರು. ಇದು ಮೂರೇ ದಿನ, ನಮ್ಮ ಕಣ್ಣೆದುರಿಗೆ," ಅಂದರು.

ಗಂಡ ಗೋಡೆಯ ಕಡೆ ತಿರುಗಿದ. "ನಿನ್ನತ್ರ ತಾನೇ ಅವ್ವ ಭಾಷೆ ತಗೊಂಡಿದ್ದು. ನೀನೇ ಹೇಳು," ಅಂದ. ಕೋಪ ಬರಬೇಕಿತ್ತು, ಬರಲಿಲ್ಲ. ಅತ್ತೆ ಮಗನ ಬಗ್ಗೆ ಹೇಳಿದ್ದು ಸರಿಯಾಗಿಯೇ ಇತ್ತಲ್ಲ ಅಂತ ಮಾತ್ರ ಅನ್ನಿಸಿತು.

ಆಚೆ ಸ್ಟ್ರೆಚರಿನ ಮೇಲೆ ಅತ್ತೆ ಮಲಗಿದ್ದಳು. ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಬಲಗೈ ಬದಿಗೆ ಜೋತುಬಿದ್ದಿತ್ತು, ನಾನು ತಟ್ಟಿದ ಕೈ. ಹೆಚ್ಚೇನೂ ಯೋಚನೆ ಮಾಡಲಿಲ್ಲ. ಭಾಷೆ ಉಳಿಯಬೇಕಾದರೆ ಅದನ್ನು ತಗೊಂಡವಳು ಇರಬೇಕಲ್ಲ? ಬೈಯುವುದಕ್ಕಾದರೂ ಇರಲಿ. ಜೀವಮಾನವೆಲ್ಲ ಬೈಯಲಿ.

"ಹಾಕಿ ಮೇಡಂ," ಅಂದೆ. ಸ್ಟ್ರೆಚರು ಒಳಗೆ ಹೋಯಿತು.

ಕಾಯುವ ಕಡೆ ಕುರ್ಚಿಯಲ್ಲಿ ಕೂತು ಚೀಲ ಬಿಚ್ಚಿದೆ. ಅತ್ತೆಯ ಬಟ್ಟೆಯಲ್ಲ, ಹುಲಿಕುಂಟೆಯ ಮದುವೆ ಮನೆಯವರ ಬ್ಲೌಸುಗಳು. ಹುಕ್ಕು ಹಾಕುವುದೊಂದು ಬಾಕಿ ಇತ್ತು. ಸೂಜಿ, ದಾರ, ಹುಕ್ಕಿನ ಪೊಟ್ಟಣ ಎಲ್ಲ ಚೀಲದಲ್ಲೇ ಇದ್ದವು. ಏನು ಮಾಡಲಿ? ಹುಕ್ಕು ಹಾಕತೊಡಗಿದೆ. ಎದುರಿಗೆ ಕೂತಿದ್ದ ಯಾರೋ ಹೆಂಗಸು ತನ್ನವರ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ ಒಳಗೆ ಸಾಯ್ತಿದ್ದಾಳೆ, ಸೊಸೆ ನೋಡು ಹೊಲಿಗೆ ಹಾಕ್ತಾ ಕೂತವ್ಳೆ ಅಂತಲೇ ಇರಬೇಕು. ನನಗೂ ಬೇರೆ ಯಾರಾದರೂ ಹಾಗೆ ಕೂತಿದ್ದರೆ ಅದೇ ಮಾತು ಬರುತ್ತಿತ್ತು. ಸೂಜಿ ಬೆರಳಿಗೆ ಚುಚ್ಚಿತು. ರಕ್ತ ಕಂಡಾಗಲೇ ಗೊತ್ತಾದದ್ದು. ಬಟ್ಟೆಗೆ ಕಲೆಯಾಗದ ಹಾಗೆ ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಮಧ್ಯಾಹ್ನ ನನ್ನ ನಾದಿನಿ ಬಂದಳು, ಅತ್ತೆಯ ಒಬ್ಬಳೇ ಮಗಳು. ಅವಳನ್ನು ಕೊಟ್ಟಿರುವುದು ಪಾವಗಡ ತಾಲ್ಲೂಕಿಗೆ, ರಾಯಚರ್ಲು ಕಡೆ. ಸುತ್ತ ಸೋಲಾರ್ ಪ್ಲೇಟುಗಳು, ನಡುವೆ ಊರು. ಅಲ್ಲಿ ಸಂಸಾರ ಮಾಡಿ ಅವಳ ಮಾತಿಗೆ ತೆಲುಗು ಬೆರೆತುಹೋಗಿದೆ. ಬಸ್ಸಿಳಿದು ಅಳುತ್ತಲೇ ಬಂದವಳು ಅಣ್ಣನಿಂದ ಇಂಜೆಕ್ಷನ್ನಿನ ವಿಷಯ ಕೇಳಿ ಅಳುವುದನ್ನು ನಿಲ್ಲಿಸಿದಳು.

"ಅಯ್ಯೋ ದೇವುಡಾ! ಏಮಿ ಅತ್ತಿಗೆ, ಅವ್ವ ಕೈತಟ್ಟಿಸ್ಕೊಂಡಿರ್ಲಿಲ್ವಾ ನಿನ್ನತ್ರ? ದೊಡ್ಡವ್ವ ಹೆಂಗ್ ಹೋದ್ಳು ಅಂತ ನೋಡಿಲ್ವಾ ನೀನು? ಅದೇ ವಿಷ ಹಾಕ್ಸಿದ್ಯಲ್ಲ!"

"ನೋಡಿದ್ದೀನಿ ಕಣಮ್ಮ. ಹಾಕ್ಸಿದ್ದೀನಿ," ಅಂದೆ.

"ಭಾಷೆಗೆ ತಪ್ಪಿದೋಳು ನೀನು, ಕೈ ಹೋಗಿದ್ದು ನಮ್ಮವ್ವಂದು!"

ಕೈ ಮೊದಲೇ ಹೋಗಿತ್ತು, ನಾನು ತಪ್ಪಿದ್ದು ಆಮೇಲೆ ಅಂತ ಹೇಳಬಹುದಿತ್ತು. ಅವಳ ತಾಯಿ, ಅವಳು ಬೈದಳು. ಅವಳಿಗೆ ಟೀ ತಂದುಕೊಟ್ಟೆ. ಕುಡಿಯುತ್ತಾ ಕುಡಿಯುತ್ತಾ ಬೈದಳು. ಅವ್ವ ಹೋದರೆ ತವರುಮನೆ ಹೊಸ್ತಿಲು ತುಳಿಯೋದಿಲ್ಲ ಅಂದಳು. ನಾನು ಇನ್ನೊಂದು ಬ್ಲೌಸು ಎತ್ತಿಕೊಂಡೆ.

ಡಾಕ್ಟರಮ್ಮ ಆಚೆ ಬಂದು, "ಹೆಪ್ಪು ಬಂತು. ನಾಳ ಪೂರ್ತಿ ತೆರೆದಿದೆ," ಅಂದರು. ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಚೂರು, ನೆನೆಸಿದ ಹುಣಸೆನಾರಿನಷ್ಟು. ಇಷ್ಟೇನಾ ಅನ್ನಿಸಿತು. ಒಂದು ಮನೆಯನ್ನು ಮಗುಚಿ ಹಾಕುವುದಕ್ಕೆ ಇಷ್ಟು ಸಾಕಾ?

ಆ ಮೂರು ದಿನ ಹೇಗೆ ಕಳೆಯಿತು ಅಂತ ಕೇಳಿದರೆ ನನ್ನ ಹತ್ತಿರ ಹೇಳುವುದಕ್ಕೆ ಅಂಥದ್ದೇನೂ ಇಲ್ಲ. ಬೆಳಗ್ಗೆ ಇಡ್ಲಿ, ಸಂಜೆ ಬಿಸ್ಕತ್ತು. ಒಳಗೆ ಬಿಟ್ಟಾಗ ಹೋಗಿ ಅತ್ತೆಯ ಕಾಲ ಹತ್ತಿರ ನಿಲ್ಲುವುದು. ಮೂಗಿಗೆ ಕೊಳವೆ, ಕೈಗೆ ಸೂಜಿ, ಕಣ್ಣು ಮುಚ್ಚಿತ್ತು. ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿಯಿಂದ ಆ ಔಷಧಿ ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು, ನೋಡಲು ಬರೀ ನೀರು. ಶುಗರ್ ಏರಿತು, ಅವರು ಹೇಳಿದ್ದಂತೆಯೇ, ಅದಕ್ಕೆ ಬೇರೆ ಇಂಜೆಕ್ಷನ್ ಕೊಟ್ಟರು. ಶುಗರ್ ಏರಿದೆ ಅಂದ ಕೂಡಲೇ ನಾದಿನಿ, "ನೋಡ್ದಾ?" ಅನ್ನುವ ಹಾಗೆ ನನ್ನ ಕಡೆ ತಿರುಗಿದಳು. ನಾನು ಅತ್ತೆಯ ಮುಖ ನೋಡುತ್ತಿದ್ದೆ, ದೊಡ್ಡತ್ತೆಯ ಹಾಗೆ ಊದುತ್ತದಾ ಅಂತ. ಊದಲಿಲ್ಲ, ಇಳಿದುಹೋಗಿತ್ತು. ಇವಳು ಹೋದರೆ ನಾನು ಕೊಂದವಳು ಅಂತ ಎರಡು ತಾಲ್ಲೂಕಿನ ನೆಂಟರೆಲ್ಲ ಹೇಳುತ್ತಾರೆ ಅಂತ ಗೊತ್ತಿತ್ತು. ಮಧುಗಿರಿಯಲ್ಲಿ ನನ್ನಪ್ಪನೂ ಬಾಯಿಬಿಟ್ಟು ಹೇಳದಿದ್ದರೂ ಅಂದುಕೊಳ್ಳುತ್ತಾನೆ, ಅವನ ಅಕ್ಕ ಅಲ್ಲವೇ. ಇದೆಲ್ಲ ಬೇರೆ ಯಾರದೋ ಮನೆಯ ಸಂಗತಿಯೋ ಎಂಬಂತೆ ತಲೆಯಲ್ಲಿ ಬಂದು ಹೋಗುತ್ತಿತ್ತು. ಹೊಟ್ಟೆ ಹಸಿಯುತ್ತಿರಲಿಲ್ಲ, ನಿದ್ದೆ ಮಾತ್ರ ಬರುತ್ತಿತ್ತು, ಕೂತಲ್ಲೇ, ನಿಂತಲ್ಲೇ.

ಇಂಜೆಕ್ಷನ್ ಮುಗಿದ ಮೇಲೆ ಮತ್ತೆ ತಲೆಯ ಸ್ಕ್ಯಾನು ಮಾಡಿದರು. ಬಾವು ಹೆದರಿದಷ್ಟು ಆಗಿಲ್ಲ, ಜೀವಕ್ಕೆ ಅಪಾಯ ದಾಟಿತು ಅಂದರು ಡಾಕ್ಟರಮ್ಮ.

"ಆ ಇಂಜೆಕ್ಷನ್ನಿಂದಾನಾ ಮೇಡಂ?" ಅಂತ ಕೇಳಿದೆ. ಇದೊಂದನ್ನು ತಿಳಿದುಕೊಳ್ಳಲೇಬೇಕಿತ್ತು ನನಗೆ.

"ಇರಬಹುದು. ನಾಳ ಬೇಗ ತೆರೆದಿದ್ದಕ್ಕೂ ಇರಬಹುದು. ಒಬ್ಬ ಪೇಷಂಟ್ ನೋಡಿ ಅದನ್ನ ಹೇಳೋಕಾಗಲ್ಲಮ್ಮ," ಅಂದರು.

ಒಳ್ಳೆ ಕಥೆ. ಭಾಷೆ ಮುರಿದದ್ದಂತೂ ಖಾತ್ರಿ, ಮುರಿದದ್ದರಿಂದ ಏನಾದರೂ ಆಯಿತೋ ಇಲ್ಲವೋ ಅದು ಮಾತ್ರ ಯಾರಿಗೂ ಗೊತ್ತಿಲ್ಲ. ಸುಳ್ಳಾದರೂ ಹೌದಮ್ಮ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆದರೆ ಸುಳ್ಳು ಹೇಳದ ಡಾಕ್ಟರು ಅಂತಲೇ ಅಲ್ಲವೇ ನಾನು ಅವತ್ತು ಹಾಕಿ ಅಂದದ್ದು.

ಅತ್ತೆ ವಾರ್ಡಿಗೆ ಬಂದಳು. ಕಣ್ಣು ಬಿಟ್ಟಳು. ಬಲಗಾಲು ಒಂದಿಷ್ಟು ಅಲ್ಲಾಡಿತು, ಬಲಗೈ ಇಲ್ಲ. ಮಾತಿಲ್ಲ. ಹೆಸರು ಕೇಳಿದರೆ ಡಾಕ್ಟರ ಬಾಯನ್ನೇ ನೋಡುವಳು. ಮಗ ಬಂದು ಅವ್ವಾ ಅಂದರೆ ಕಣ್ಣಲ್ಲಿ ನೀರು ಬರುವುದು, ಮಾತು ಬರುವುದಿಲ್ಲ. ಒಂದು ಬೆಳಗ್ಗೆ ಮೂಗಿನ ಕೊಳವೆ ತೆಗೆದು, ಬಾಯಿಗೇ ಸ್ವಲ್ಪ ಸ್ವಲ್ಪ ಗಂಜಿ ಕೊಡಿ ಅಂದರು ನರ್ಸು. ಎರಡನೇ ಚಮಚ ಕೊಡುವಾಗ ನನ್ನ ಕೈ ತಪ್ಪಿ ಗಂಜಿ ಅವಳ ಕತ್ತಿನ ಮೇಲೆ ಚೆಲ್ಲಿತು.

"ಮೂದೇವಿ," ಅಂದಳು ಅತ್ತೆ.

ಸ್ಪಷ್ಟವಾಗಿ ಅಂದಳು. ಪಕ್ಕದ ಮಂಚದವರೂ ತಿರುಗಿ ನೋಡಿದರು. ಗಂಡ ಗೋಡೆಗೆ ಒರಗಿಕೊಂಡು ಗೊಳೋ ಅಂತ ಅತ್ತ. ನಾದಿನಿ ಅತ್ತಳು. ನರ್ಸು ಚಪ್ಪಾಳೆ ತಟ್ಟಿದರು. ನನಗೆ ಅಳು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಅವಳ ಕತ್ತು ಒರೆಸಿ ಮೂರನೇ ಚಮಚ ಎತ್ತಿದೆ.

ಡಾಕ್ಟರಮ್ಮನಿಗೆ ಹೇಳಿದಾಗ, ಎಲ್ಲ ಮಾತು ಹೋದವರಿಗೂ ಬಾಯಿಗೆ ರೂಢಿಯಾದ ಬೈಗುಳ ಒಂದೊಂದು ಉಳಿದುಬಿಡುತ್ತದೆ, ಅದಕ್ಕೆ ಅರ್ಥ ಇರಲೇಬೇಕು ಅಂತಿಲ್ಲ ಅಂದರು. ಅದು ನಿಜವೇ ಆಯಿತು. ಮನೆಗೆ ಕರೆದುಕೊಂಡು ಬಂದ ಮೇಲೂ ಅತ್ತೆಗೆ ಇದ್ದದ್ದು ಆ ಒಂದೇ ಮಾತು. ನೀರು ಬೇಕಾದರೂ ಮೂದೇವಿ, ಬೇಡವಾದರೂ ಮೂದೇವಿ. ಮಗನೂ ಮೂದೇವಿ, ಹಸುವೂ ಮೂದೇವಿ. ಪಾರಿವಾಳದ ಮಾವ ನೋಡಲು ಬಂದು, "ಚೆನ್ನಾಗಿದ್ದೀಯೇನಮ್ಮ?" ಅಂದಾಗ ಅವರಿಗೂ ಅದೇ ಸಿಕ್ಕಿತು. "ಅವತ್ತು ರಕ್ತ ತಿಕ್ಕಿದ್ರೆ ಪೂರ್ತಿ ಮಾತೇ ಬರ್ತಿತ್ತು," ಅಂದರು ನನಗೆ ಕೇಳುವ ಹಾಗೆ. ನಾನು ಕೇಳಿಸದವಳ ಹಾಗೆ ಒಳಗೆ ಹೋದೆ.

ದಿನಗಳು ಹಾಗೇ ಸಾಗಿದವು. ಅವಳನ್ನು ಎಬ್ಬಿಸುವುದು, ತೊಳೆಯುವುದು, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚುವುದು, ಊರುಗೋಲು ಹಿಡಿಸಿ ಅಂಗಳದಲ್ಲಿ ನಡೆಸುವುದು. ಮುದ್ದೆಯ ಕೋಲು ಈಗ ನನ್ನ ಕೈಗೆ ಬಂತು. ತಿರುವುವವಳೂ ನಾನೇ, ಕಟ್ಟುವವಳೂ ನಾನೇ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ಮನೆಯಲ್ಲಿ ಯಾರೂ ಇಂಜೆಕ್ಷನ್ನಿನ ಮಾತು ಎತ್ತಲಿಲ್ಲ. ಅತ್ತೆಗೆ ಅದು ಗೊತ್ತಿರಲಿಲ್ಲ. ಹೇಳಬೇಕು ಅಂತ ದಿನವೂ ಅಂದುಕೊಳ್ಳುತ್ತಿದ್ದೆ. ಬೆರಳು ಬಿಡಿಸುವಾಗ ಆ ಕೈಯನ್ನು ನೋಡಿ ಸುಮ್ಮನಾಗುತ್ತಿದ್ದೆ.

ಗೌರಿಹಬ್ಬಕ್ಕೆ ನಾದಿನಿ ತವರಿಗೆ ಬಂದಳು. ಊಟವಾದ ಮೇಲೆ ತಾಯಿಯ ಪಕ್ಕ ಜಗಲಿಯ ಮೇಲೆ ಕೂತು ತಲೆ ಬಾಚುತ್ತಿದ್ದಳು. ನಾನು ಅಲ್ಲೇ ಕೆಳಗೆ ಕೂತು ಒಂದು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಹಬ್ಬದ ಬಾಗಿನದ ವಿಷಯಕ್ಕೆ ನಮ್ಮಿಬ್ಬರಿಗೂ ಬೆಳಗ್ಗೆ ಒಂದು ಮಾತು ಬಂದಿತ್ತು, ಅದು ಅವಳ ಮನಸ್ಸಿನಲ್ಲೇ ಇತ್ತೇನೋ. ಇದ್ದಕ್ಕಿದ್ದಂತೆ ತಾಯಿಯ ಕಿವಿಯ ಹತ್ತಿರ ಬಾಗಿ, ಕಿವುಡಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಅವ್ವಾ, ನಿಂಗೆ ಗೊತ್ತಾ? ಆಸ್ಪತ್ರೇಲಿ ನಿನ್ ಸೊಸೆ ನಿಂಗೆ ಸ್ಟೀರಾಯ್ಡ್ ಹಾಕ್ಸಿದ್ಳು. ಕೈತಟ್ಟಿ ಭಾಷೆ ಕೊಟ್ಟಿದ್ಳಲ್ಲ, ಅವಳೇ. ಮೂರು ದಿನ ಹಾಕ್ಸಿದ್ಳು."

ಆ ಪದ ಅತ್ತೆಗೆ ಗೊತ್ತಾಯಿತು. ಬೇರೆ ಎಷ್ಟು ಮಾತು ಅವಳ ತಲೆಯಿಂದ ಅಳಿಸಿಹೋಗಿತ್ತೋ, ಇದು ಹೋಗಿರಲಿಲ್ಲ. ಕುತ್ತಿಗೆ ನೆಟ್ಟಗಾಯಿತು. ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು.

"ಹೂಂ ಕಣತ್ತೆ. ಹಾಕ್ಸಿದೆ. ನೀನು ಹೋಗ್ಬುಡ್ತೀಯ ಅಂದ್ರು. ನಂಗೆ ಬೇರೆ ದಾರಿ ಕಾಣ್ಲಿಲ್ಲ," ಅಂದೆ. ಸೂಜಿ ಕೈಯಲ್ಲೇ ಇತ್ತು. ಅವಳ ಪಕ್ಕದಲ್ಲಿದ್ದ ನೀರಿನ ಚೊಂಬು ನನ್ನ ಮೇಲೆ ಬೀಳುತ್ತದೆ ಅಂತ ಕಾದೆ.

ಅತ್ತೆ ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟು ಹಿಡಿದುಕೊಂಡಳು. ಮಡಿಲಲ್ಲಿ ಬಿದ್ದಿದ್ದ ಆ ಕೈಯನ್ನು ಎತ್ತಿ ನನ್ನ ಮುಂದೆ ಚಾಚಿದಳು. ಮಗಳು, "ಏನವ್ವ, ಏನ್ ಬೇಕು?" ಅಂದಳು. ಅತ್ತೆ ಅವಳ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿ ಚಾಚಿದ ಕೈಯನ್ನು ಇನ್ನೂ ಮುಂದಕ್ಕೆ ತಂದಳು. ಎಡಗೈ ಭಾರಕ್ಕೆ ನಡುಗುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೈ ಚಾಚಿದ್ದಳಲ್ಲ, ಹಾಗೇ.

ನಾನು ಸೂಜಿಯನ್ನು ಬ್ಲೌಸಿಗೆ ಚುಚ್ಚಿಟ್ಟು ಬಲಗೈ ಒಡ್ಡಿದೆ. ಅವಳು ತನ್ನ ಸತ್ತ ಕೈಯನ್ನು ನನ್ನ ಅಂಗೈ ಮೇಲೆ ಬಿಟ್ಟಳು. ಎತ್ತಿ ಇನ್ನೊಂದು ಸಲ ಬಿಟ್ಟಳು. ತಟ್ಟಿದ ಶಬ್ದ ಬಂತು.

"ಏನಂತ ಭಾಷೆ ಅತ್ತೆ?" ಅಂತ ಕೇಳಿದೆ.

"ಮೂದೇವಿ," ಅಂದಳು.

ಒಮ್ಮೆ ಮಾತು ತಪ್ಪಿದವಳ ಹತ್ತಿರ ಯಾರಾದರೂ ಎರಡನೇ ಸಲ ಭಾಷೆ ತಗೊಳ್ಳುತ್ತಾರಾ? ಮಗಳು ಪಕ್ಕದಲ್ಲೇ ಕೂತಿದ್ದಳು, ಮಗ ಒಳಗಿದ್ದ. ಕೈ ನನ್ನ ಮುಂದೆಯೇ ಚಾಚಿದ್ದಳು. ಅವಳು ಕೇಳಿದ್ದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಗೊತ್ತಾದದ್ದು ಆ ಕೈಯ ಭಾರ ಒಂದೇ. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು. ಏನೋ ಕಿತ್ತುಕೊಂಡು ಬಂದ ಹಾಗೆ ಬಂತು, ನಾದಿನಿ ಹೆದರಿ ಬಾಚಣಿಗೆ ಕೆಳಗಿಟ್ಟಳು.

"ಆಯ್ತು ಕಣತ್ತೆ," ಅಂದೆ. ಅವಳ ಕೈ ನನ್ನ ಕೈಯಲ್ಲೇ ಇತ್ತು.